ಬಳೆಗಾರ್ತಿ ನಿಲ್ಲದ ಬಾಗಿಲು

ನಿಪ್ಪಾಣಿ ಹತ್ತಿರದ ಹಳ್ಳಿಯೊಂದರಲ್ಲಿ ನಾನು ನರ್ಸ್ ಆಗಿದ್ದ ಕಾಲ. ಮನೆಮನೆಯಲ್ಲೂ ಬೀಡಿ ಕಟ್ಟುವ ಹೆಂಗಸರು. ಬೆಳಗಾದರೆ ತಂಬಾಕು ಹುರಿದು ಮಾಡಿದ ಮಿಶ್ರಿಯಿಂದಲೇ ಅವರು ಹಲ್ಲುಜ್ಜುವುದು. ಬಾಯಿಯ ಕ್ಯಾನ್ಸರ್ ಬಲಿಯುವ ಮೊದಲೇ ಕಂಡುಕೊಳ್ಳೋಣವೆಂದು ಆಸ್ಪತ್ರೆಯಲ್ಲಿ ತಪಾಸಣೆ ಶಿಬಿರ ಇಟ್ಟೆವು. ಜನರಿಗೆ ಸುದ್ದಿ ಮುಟ್ಟಿಸುವ ಕೆಲಸ ನನಗೆ ಬಂತು.

ಊರಿಗೆಲ್ಲ ಮುಟ್ಟಲಿ ಎಂದು ಬಾಯಲ್ಲಿ ಅಂದರೂ ನನ್ನ ಕಣ್ಣು, ಮರಾಠಿಯಲ್ಲಿ ಚಿಕ್ಕಮ್ಮನಿಗೆ ಅನ್ನುವಂತೆ ಓಣಿಯೆಲ್ಲ 'ಮಾವಶಿ' ಎನ್ನುತ್ತಿದ್ದ ಪಕ್ಕದ ಮನೆಯಾಕೆಯ ಮೇಲಿತ್ತು. ಕೆಂಪು ಮೆಣಸಿನಕಾಯಿ ಅರೆದ ಖಾರದ ರಂಜಕವಿಲ್ಲದೆ ರೊಟ್ಟಿ ಮುರಿಯದ ಹೆಂಗಸು, ಈಚೆಗೆ ಬಾಯಿ ಉರಿಯುತ್ತದೆಂದು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ಒಮ್ಮೆ ಬಾಯಿ ತುಂಬ ನಕ್ಕಾಗ ಕೆನ್ನೆಯೊಳಗೆ ಬಿಳಿ ಮಚ್ಚೆ ಕಂಡಿತ್ತು.

"ಒಮ್ಮೆ ತೋರಿಸು ಮಾವಶಿ" ಅಂದರೆ, "ನೀ ಪಗಾರ ತಗೊಂಡ ಹೇಳತಿ, ಹೇಳು. ನಾ ಬೀಡಿ ಕಟ್ಟತೇನಿ" ಎನ್ನುತ್ತಿದ್ದಳು.

ಕನ್ನಡದಲ್ಲಿ ಕರಪತ್ರ ಹಂಚಿದೆವು. ನಮ್ಮ ಓಣಿಯಲ್ಲಿ ಓದಬಲ್ಲ ಹಿರಿಯರೆಲ್ಲ ಓದುವುದು ಮರಾಠಿ. ಕರಪತ್ರಗಳು ಹಿಟ್ಟಿನ ಡಬ್ಬಿಯ ತಳಕ್ಕೆ ಹಾಸಿಗೆಯಾದವು. ಆಟೋಕ್ಕೆ ಮೈಕು ಕಟ್ಟಿದೆವು. "ಗ್ಯಾಸಿನ ಗಾಡಿ ಬಂದಿತ್ತೇನ್ರಿ?" ಎಂದು ಕೇಳಿದರು. ಕೇಬಲ್ ಟಿವಿಯ ಪರದೆಯ ಅಡಿಯಲ್ಲಿ ಸುದ್ದಿಯ ಸಾಲು ಓಡಿಸಿದೆವು. ಅದು ಓಡುವ ಹೊತ್ತಿಗೆ ಹೆಂಗಸರೆಲ್ಲ ಬೀಡಿ ಒಪ್ಪಿಸಲು ಸಾಲಿನಲ್ಲಿ ನಿಂತಿರುತ್ತಿದ್ದರು. ಮೊದಲ ಶಿಬಿರಕ್ಕೆ ಬಂದವರು ಏಳು ಗಂಡಸರು, ಬಿಪಿ ಗುಳಿಗೆಗೆಂದು ಬಂದ ಒಬ್ಬ ಅಜ್ಜಿ.

ಆ ವಾರವೇ ನಮ್ಮ ಕಟ್ಟೆಗೆ ಬಳೆಗಾರ್ತಿ ಬಂದಳು. ನನ್ನ ಅಂಗೈ ಹಿಚುಕುತ್ತ, ಬಳೆ ಏರಿಸುತ್ತ, ಯಾರ ಮನೆಯ ಎಮ್ಮೆ ಈಯಿತು ಎಂಬಲ್ಲಿಂದ ಯಾರ ಸೊಸೆ ತವರಿಗೆ ಹೋದಳು ಎಂಬವರೆಗೆ ಎಲ್ಲ ಹೇಳಿದಳು. ಕೈ ಅವಳ ಹಿಡಿತದಲ್ಲಿ. ಎದ್ದು ಹೋಗುವಂತಿಲ್ಲ, ಕೇಳಲೇಬೇಕು. ಇದಕ್ಕಿಂತ ಒಳ್ಳೆಯ ರೇಡಿಯೋ ಎಲ್ಲಿ ಸಿಗುತ್ತದೆ ಅನ್ನಿಸಿತು.

"ಅಕ್ಕಾ, ನಮ್ಮ ಶಿಬಿರದ ಸುದ್ದೀನೂ ಒಂದೀಟ ಹೇಳು."

"ನಾನೂ ಮಿಶ್ರಿ ತಿಕ್ಕತೇನ್ರಿ ಬಾಯಾರ. ಯಾವ ಮಾರಿ ಹೊತಗೊಂಡ ಮಂದಿಗೆ ಹೇಳ್ಲಿ?"

"ಹಂಗಾರ ಮೊದಲ ನೀನಽ ತೋರಸು, ನಡಿ."

ಡಾಕ್ಟರು ನೋಡಿ, ಏನೂ ಇಲ್ಲ, ಮಿಶ್ರಿ ಮಾತ್ರ ಬಿಡು ಅಂದರು. ಮರುದಿನದಿಂದ ಅವಳ ಕಾರುಬಾರು ಶುರುವಾಯಿತು. ನಾಲ್ಕು ಬಳೆ ಏರಿಸಿ ಐದನೆಯದನ್ನು ಬೆರಳಿನಲ್ಲೇ ತಡೆದು, "ತೋರಿಸಾಕ ಹೊಕ್ಕೇನಿ ಅನ್ನು. ಇಲ್ಲಾಂದ್ರ ಉಳದದ್ದ ನಿಪ್ಪಾಣಿಗೆ ಹೋಗಿ ಇಟಗೋ!" ಎನ್ನುತ್ತಿದ್ದಳಂತೆ.

ಎರಡನೆಯ ಶಿಬಿರಕ್ಕೆ ಆಸ್ಪತ್ರೆಯ ಪಡಸಾಲೆ ಸಾಲಲಿಲ್ಲ. ಹೊಸ ಬಳೆಗಳ ಸದ್ದಿನಲ್ಲಿ ಡಾಕ್ಟರ ಮಾತೇ ಕೇಳಿಸದು. ನಾನು ಸಾಲಿನ ತುದಿಯವರೆಗೆ ಹೋಗಿ ನೋಡಿದೆ. ಮಾವಶಿ ಇರಲಿಲ್ಲ.

ಆಗ ಹೊಳೆಯಿತು. ಗಂಡ ತೀರಿದ ಮೇಲೆ ಮಾವಶಿ ಬಳೆ ಇಟ್ಟವಳಲ್ಲ. ಬಳೆಗಾರ್ತಿ ಆ ಬಾಗಿಲಲ್ಲಿ ನಿಲ್ಲುವುದೇ ಇಲ್ಲ. ಯಾರಿಗಾಗಿ ಇಷ್ಟೆಲ್ಲ ಹುಡುಕಾಡಿದೆನೋ ಅವಳೊಬ್ಬಳನ್ನೇ ಬಿಟ್ಟುಹೋಗುವ ದಾರಿಯನ್ನು ಆರಿಸಿಕೊಂಡಿದ್ದೆ.

ಅಲ್ಲೇ ಸಾಲು ನೋಡುತ್ತ ನಿಂತಿದ್ದ ಬಳೆಗಾರ್ತಿಗೆ ಹೇಳಿದೆ. ನಾಲಿಗೆ ಕಚ್ಚಿಕೊಂಡು, ಬುಟ್ಟಿ ಎತ್ತಿಕೊಂಡು ಹೊರಟಳು, ಹಿಂದೆ ನಾನು. ಮಾವಶಿಯ ಹೊಸ್ತಿಲಲ್ಲಿ ಬುಟ್ಟಿ ಇಳಿಸಿ, ತಂಬಾಕಿನ ಪುಡಿ ಹತ್ತಿದ್ದ ಆಕೆಯ ಬರಿಗೈ ಹಿಡಿದಳು.

"ಯಾಕ ಬೇ, ಹಾದಿ ತಪ್ಪೇತೇನ? ನನಗ್ಯಾಕ ಬಳಿ?"

"ಬಳಿ ಯಾರ ಇಡತಾರ ನಿನಗ? ಕೈ ಐತೆಲ್ಲ, ಸಾಕು. ನಾ ಹಿಡದ ಕೈ ಬಿಡಿಸ್ಕೊಂಡ ಎದ್ದಾಕಿ ಈ ಊರಾಗ ಯಾರರ ಅದಾರೇನ? ನಡಿ ದವಾಖಾನಿಗೆ."

ಮಾವಶಿ ಒಮ್ಮೆ ಜಗ್ಗಿದಳು. ಇನ್ನೊಮ್ಮೆ ಜಗ್ಗಿದಳು. ಆಮೇಲೆ ನಕ್ಕಳು.

"ಎಷ್ಟ ವರ್ಷದ ಮ್ಯಾಲೆ ಹಿಡದಿ. ಜ್ವಾಕಿ, ಮುರದೀತು." ಮಡಿಲಿನ ಬೀಡಿ ಎಲೆ ಕೊಡವಿ ಎದ್ದಳು.

ಡಾಕ್ಟರು ಆಕೆಯನ್ನು ದೊಡ್ಡಾಸ್ಪತ್ರೆಗೂ ಕಳಿಸಿ ಪರೀಕ್ಷೆ ಮಾಡಿಸಿದರು. ಮಚ್ಚೆ ಕ್ಯಾನ್ಸರ್ ಆಗಿರಲಿಲ್ಲ. ಹಾಗೇ ಬಿಟ್ಟಿದ್ದರೆ ಆಗಬಹುದಿತ್ತು. ಮಾವಶಿ ಮಿಶ್ರಿಯ ಡಬ್ಬಿಯನ್ನು ನನ್ನ ಕೈಗಿಟ್ಟು, "ನಮ್ಮನ್ಯಾಗಿದ್ರ ಕೈ ಹೋಗತೈತಿ" ಅಂದಳು.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಗೋಡೆಯ ಮೇಲಿಂದ ಖಾಲಿ ಬಟ್ಟಲೊಂದು ಬಂತು, ಹಿಂದೆಯೇ ಮಾವಶಿಯ ದನಿ.

"ಒಂದೀಟ ರಂಜಕ ಹಾಕ ಬೇ. ಹಾಲು ರೊಟ್ಟಿ ತಿಂದು ತಿಂದು ನಾ ಕರು ಆಗೇನಿ!"