ಬೇಟೆಗಲ್ಲದ ಕೋವಿ

ಬಾಳೆಲೆ ಎಂಬ ಊರಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದ ಕಾಫಿ ತೋಟದ ಒಡತಿಯವರ ಕುರಿತು, ನನಗೆ ತಿಳಿದ ಮಟ್ಟಿಗೆ, ಈ ಕೆಳಗಿನಂತೆ ಅರಿಕೆ ಮಾಡಿಕೊಳ್ಳುತ್ತೇನೆ. ಜೀಪನ್ನು ಅವರೇ ಓಡಿಸುತ್ತಿದ್ದರು. ಇಳಿದೊಡನೆ ಅದರ ಬಾನೆಟ್ಟನ್ನು ಎರಡು ಬೆರಳಿನಿಂದ ತಟ್ಟುತ್ತಿದ್ದರು. ಯಾರಾದರೂ ಸುತ್ತಿಬಳಸಿ ಮಾತನಾಡಿದರೆ, "ಇದ್ದದ್ದನ್ನ ಇದ್ದ ಹಾಗೆ ಹೇಳಿ" ಎನ್ನುತ್ತಿದ್ದರು.

ಟಾಂಜಾನಿಯಾದ ಕಾಫಿ ತೋಟವೊಂದನ್ನು ನಡೆಸಲು ಹೊರಟಾಗ, ಜೀಪನ್ನೂ ಮನೆತನದ ಕೋವಿಯನ್ನೂ ಜೊತೆಗೆ ಒಯ್ಯಲು ಅವರು ಬಯಸಿದರು. ಸಾಮಾನು ಸಾಗಿಸುವ ಏಜೆಂಟರು ಮನೆಗೆ ಬಂದರು.

"ಕೋವಿ ಬೇಟೆಗೆ ಅಂತ ಹೇಳಿಬಿಡಿ ಮೇಡಂ. ಪರ್ಮಿಟ್ ಸಲೀಸಾಗಿ ಸಿಗುತ್ತೆ."

"ಬೇಟೆಗಲ್ಲಪ್ಪ. ನಮ್ಮ ಮನೇಲಿ ಗಂಡುಮಗು ಹುಟ್ಟಿದ್ರೆ ಒಂದು ಗುಂಡು, ಯಾರಾದ್ರೂ ತೀರಿಕೊಂಡ್ರೆ ಎರಡು. ಅಷ್ಟಕ್ಕೇ ಇದು."

"ಅದಕ್ಕೆಲ್ಲ ಅಲ್ಲಿ ಪರ್ಮಿಟ್ ಕೊಡಲ್ಲ ಮೇಡಂ."

"ಹಾಗಾದ್ರೆ ಇದು ಇಲ್ಲೇ ಇರ್ಲಿ. ಜೀಪ್ ಬರ್ಲಿ. ಅದಕ್ಕೆ ಎಲ್ಲಿ ಹೋದ್ರೂ ಡೀಸೆಲ್ ಸಾಕು."

ಏಜೆಂಟರು ನಕ್ಕರು. ಒಡತಿಯವರು ನಗಲಿಲ್ಲ. ಕೋವಿಯನ್ನು ಸೆರಗಿನಿಂದ ಒರೆಸಿ, ಪಕ್ಕದಲ್ಲಿ ನಿಂತಿದ್ದ ತಮ್ಮನ ಕೈಗೆ ಕೊಟ್ಟರು. ತಮ್ಮನ ಹೆಂಡತಿಗೆ ಆಗ ದಿನ ತುಂಬುತ್ತಿತ್ತು.

"ಹೆಣ್ಣು ಹುಟ್ಟಿದ್ರೂ ಗುಂಡು ಹೊಡಿ. ನಾನು ಹುಟ್ಟಿದಾಗ ಯಾರೂ ಹೊಡೀಲಿಲ್ಲ."

ಹಿರಿಯರು ಒಪ್ಪುವರೇ ಎಂಬ ಅಳುಕು ತಮ್ಮನ ಮುಖದಲ್ಲಿತ್ತು.

ಒಡತಿಯವರು ಹೊರಟುಹೋದ ಕೆಲವು ವಾರಗಳ ನಂತರ, ನಾವು ಕಣದಲ್ಲಿ ಕಾಫಿ ಒಣಗಿಸುತ್ತಿದ್ದಾಗ ಮನೆಯ ಕಡೆಯಿಂದ ಒಂದು ಗುಂಡಿನ ಸದ್ದು ಕೇಳಿಸಿತು. ಎಲ್ಲರೂ ಎದ್ದು ನಿಂತೆವು.

"ಗಂಡುಮಗು" ಎಂದರು ಆಳುಗಳ ಮೇಸ್ತ್ರಿ.

ಒಡತಿಯವರ ತಮ್ಮ ಕೋವಿ ಹಿಡಿದು ಅಂಗಳದ ಅಂಚಿಗೆ ಬಂದು, ಆಳುಗಳ ಲೈನ್ ಮನೆಗಳವರೆಗೂ ಕೇಳುವಂತೆ ಕೂಗಿ ಹೇಳಿದ್ದನ್ನು ಹೆಮ್ಮೆಯಿಂದ ಇಲ್ಲಿ ದಾಖಲಿಸುತ್ತೇನೆ:

"ಮಗಳು."