ಟೀವಿಯಲ್ಲಿ ನಮ್ಮ ರಾಜ ಬಿದ್ದದ್ದು

ನಮ್ಮ ಗೊಂಬೆಗಳಿಗೆ ಟೀವಿಯವರು ಅಂತೂ ಮರ್ಯಾದೆ ಕೊಟ್ಟರು. ಜನ ಮನೆಯಲ್ಲಿ ಜಾರಿದ್ದು, ಮದುವೆಯಲ್ಲಿ ಎಡವಿದ್ದು, ಇಂಥ ವಿಡಿಯೋಗಳನ್ನು ತರಿಸಿಕೊಂಡು ತೋರಿಸಿ ನಗಿಸುವ ಭಾನುವಾರದ ಕಾರ್ಯಕ್ರಮಕ್ಕೆ ನಮ್ಮ ರಾಜನೂ ಮಂತ್ರಿಯೂ ದಯಮಾಡಿಸುತ್ತಾರೆಂದು ಮದ್ದೂರಿನಿಂದ ನನ್ನ ಭಾಮೈದ ಫೋನು ಮಾಡಿದ.

"ಮುಂದಿನ್ವಾರ ಬತ್ತದೆ ಅಂತ ಈಗ್ಲೇ ತೋರ್ಸವ್ರೆ ಭಾವ. ಅತ್ತೆಗೆ ಯೋಳ್ಬ್ಯಾಡಿ."

ಹೇಳದಿರಲು ಕಾರಣವಿತ್ತು. ಬ್ಲಫ್ ಅನ್ನುವ ಊರಿನಲ್ಲಿ, ಕರೆಂಟು ತಯಾರಿಸುವವರ ಕ್ವಾರ್ಟರ್ಸ್ ಮುಂದೆ, ಅಪ್ಪ ಕೊನೆಯ ಸಲ ರಾಜನನ್ನು ಆಡಿಸಿದ. ನಮ್ಮದು ಸೂತ್ರದ ಗೊಂಬೆ. ತಲೆಯ ಮೇಲೊಂದು ಸಿಂಬೆ ಇಟ್ಟು ಸೂತ್ರಗಳನ್ನು ಅದಕ್ಕೆ ಕಟ್ಟಿಕೊಳ್ಳುತ್ತೇವೆ. ನಾವು ತಲೆದೂಗಿದರೆ ಗೊಂಬೆಯೂ ತೂಗುತ್ತದೆ. ಒಡ್ಡೋಲಗದ ನಡುವೆ ಪರದೆಯ ಹಿಂದೆ ಅಪ್ಪ ಕುಸಿದ. ಮುಂದೆ ರಾಜ ಕುಸಿದ. ಪಕ್ಕದಲ್ಲಿ ಮಂತ್ರಿಯನ್ನು ಕಟ್ಟಿಕೊಂಡಿದ್ದ ನಾನು ಸಿಂಬೆ ತೆಗೆಯುವುದನ್ನೇ ಮರೆತು ಬಗ್ಗಿದೆ. ಮಂತ್ರಿಯೂ ಬಗ್ಗಿದ.

"ಅಪ್ಪೋ, ಏಳಪ್ಪೋ" ಎಂದೆ.

ಮಂತ್ರಿ ಮಹಾರಾಜರನ್ನು ಅಪ್ಪೋ ಎಂದು ಕರೆದದ್ದಕ್ಕೆ ಜನ ಬಿದ್ದು ಬಿದ್ದು ನಕ್ಕರು. ನನ್ನ ತಲೆ ನಡುಗಿತು, ಮಂತ್ರಿಯ ಪೇಟ ಗಡಗಡ ಅಲುಗಿತು, ಮತ್ತೂ ನಕ್ಕರು. ನಮ್ಮ ಯಾವ ಆಟವೂ ಅಷ್ಟು ರಂಗೇರಿರಲಿಲ್ಲ. ಅಪ್ಪ ಮಳವಳ್ಳಿ ಆಸ್ಪತ್ರೆ ಮುಟ್ಟಲಿಲ್ಲ.

ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ತಿಥಿಗೆ ಬಂದವರನ್ನೆಲ್ಲ ಒಂದೇ ಮಾತು ಕೇಳಿದಳು: "ನಾನೂವೆ ನಕ್ಬುಟ್ನಾ?"

"ಇಲ್ಲ ಕಣಕ್ಕ" ಎಂದಳು ಅವಳ ಪಕ್ಕದಲ್ಲೇ ಕೂತಿದ್ದ ಚಿಕ್ಕವ್ವ. ಆಮೇಲೆ ಹಿತ್ತಲಿಗೆ ಬಂದು ನನಗೆ ಹೇಳಿದಳು: "ಎಲ್ರಿಗಿಂತ ಜೋರಾಗಿ ನಕ್ಕೋಳು ನಿಮ್ಮವ್ವನೇ ಕಣ್ಲಾ."

ಈಗ ನೋಡಿದರೆ, ಕ್ವಾರ್ಟರ್ಸಿನ ಯಾರೋ ಅದೆಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದರು. ಮುಂದಿನ ಸಾಲಿನ ನಗು ಅದರಲ್ಲಿ ಕೇಳಿಸದೆ ಇರುತ್ತದೆಯೇ?

ಭಾನುವಾರ ಡಿಶ್ಶಿನ ವೈರು ಕಿತ್ತಿಟ್ಟೆ.

"ಸಿಗ್ಸ್ಲಾ ಅದ್ನ" ಎಂದಳು ಅವ್ವ. "ಊರೋರೆಲ್ಲ ಯೋಳಾಯ್ತು ನಂಗೆ."

ಸಿಗಿಸಿದೆ. ಕೋಟಿನವನೊಬ್ಬ ಬಂದು ನಮ್ಮ ಆಸ್ಥಾನವನ್ನು ನಾಡಿಗೆ ಪರಿಚಯಿಸಿದ. ರಾಜ ಬಿದ್ದ. ಮಂತ್ರಿ ಬಗ್ಗಿದ. ಟೀವಿಯವರು ಪೀಪಿ ಊದಿಸಿ, ಬೀಳುವುದನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದರು. ರಾಜ ಎದ್ದ, ಬಿದ್ದ, ಮತ್ತೆ ಎದ್ದ. ನನಗೆ ಏನೂ ಅನ್ನಿಸಲಿಲ್ಲ. ಪೇಟದ ಜರಿ ಕಿತ್ತುಹೋಗಿದೆ, ಹೊಲಿಸಬೇಕು ಎಂದುಕೊಂಡೆ.

ಅವ್ವ ನೋಡುತ್ತಿರಲಿಲ್ಲ, ತಲೆ ತಗ್ಗಿಸಿ ಕೇಳುತ್ತಿದ್ದಳು.

"ಯಾರ್ಲಾ ಇವ್ರು ನಗ್ತಿರೋರು? ನಮ್ ಕಡೆ ಜನ ಇಂಗೆ ನಗಾಕಿಲ್ವಲ್ಲ."

"ಟೀವಿಯೋರ್ದು ಕಣವ್ವ. ನಗು ಅವ್ರೇ ಆಕ್ತಾರೆ."

"ಅಲ್ಲಿ ಕುಂತಿದ್ದೋರ ನಗು?"

"ತೆಗ್ದಾಕವ್ರೆ."

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ನಂದೂವೆ?"

"ಊಂ."

ಅಷ್ಟರಲ್ಲಿ ಮದುಮಗನೊಬ್ಬ ಕುರ್ಚಿ ಮುರಿದು ಬಿದ್ದ. ಅದನ್ನೂ ನೋಡಿದೆವು.