ಮೂರು ಹನ್ನೊಂದರ ಹಸಿರು ಚುಕ್ಕೆ

ನಮ್ಮ ಆಫೀಸಿನಲ್ಲಿ ಅವಳನ್ನು ಎಲ್ಲರೂ ಹಾಜರಿ ಅಕ್ಕ ಎನ್ನುತ್ತಿದ್ದೆವು. ಇಪ್ಪತ್ತು ವರ್ಷದ ಹಿಂದೆ ಬಾಗಿಲ ಬಳಿಯ ಮೇಜಿನಲ್ಲಿ ಕೂತು, ಬಂದವರ ಹೋದವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯುವ ಕೆಲಸಕ್ಕೆ ಸೇರಿದವಳು. ಪುರುಸೊತ್ತಿನಲ್ಲಿ ಅವರಿವರನ್ನು ಕಾಡಿಬೇಡಿ ಪ್ರೋಗ್ರಾಮಿಂಗ್ ಕಲಿತಳು. ಆಮೇಲೆ ಮಾಡಿದ್ದೂ ಅದೇ ಕೆಲಸ, ರಿಜಿಸ್ಟರು ಮಾತ್ರ ಬೇರೆ. ನಮ್ಮದು ಅನುವಾದಕರ ವೆಬ್‌ಸೈಟು. ನಾನೂರು ಜನ ಅವರವರ ಮನೆಯಲ್ಲೇ ಕೂತು ಅದರಲ್ಲಿ ಕೆಲಸ ಮಾಡುತ್ತಾರೆ. ಯಾರು ಆನ್‌ಲೈನ್ ಇದ್ದಾರೆ ಎಂದು ಹೆಸರಿನ ಮುಂದಿನ ಚುಕ್ಕೆ ಹೇಳುತ್ತದೆ. ಇದ್ದರೆ ಹಸಿರು, ಇಲ್ಲದಿದ್ದರೆ ಬೂದು. ಆ ಚುಕ್ಕೆ ಅಕ್ಕ ಮಾಡಿದ್ದು.

ಪ್ರತಿಯೊಬ್ಬರ ಕಂಪ್ಯೂಟರೂ ಮೂವತ್ತು ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ನಮ್ಮ ಸರ್ವರಿಗೆ ತಿಳಿಸುತ್ತದೆ. ಎರಡು ಸಲ ಸುದ್ದಿ ಬಾರದಿದ್ದರೆ ಸರ್ವರು ಆ ಹೆಸರನ್ನು ಇರುವವರ ಪಟ್ಟಿಯಿಂದ ತೆಗೆಯುತ್ತದೆ, ಚುಕ್ಕೆ ಬೂದಾಗುತ್ತದೆ. ಮೊದಮೊದಲು ಏನಾದರೂ ಬದಲಾವಣೆಗೆಂದು ಸರ್ವರನ್ನು ನಿಲ್ಲಿಸಿದಾಗಲೆಲ್ಲ ನಾನೂರು ಚುಕ್ಕೆಯೂ ಒಟ್ಟಿಗೆ ಬೂದಾಗಿ, ಜನ ಫೋನ್ ಮಾಡಿ ತಲೆ ತಿನ್ನುತ್ತಿದ್ದರು. ಇದ್ದವರನ್ನು ಇಲ್ಲ ಎಂದು ಬರೆಯುವುದು ರಿಜಿಸ್ಟರಿನ ಕಾಲದಿಂದಲೂ ಅಕ್ಕನಿಗೆ ಆಗದ ಮಾತು. ಸರ್ವರು ನಿಂತರೂ ಪಟ್ಟಿ ಹಾಗೇ ಉಳಿಯುವಂತೆ ಮಾಡಿದಳು. ನಾವೆಲ್ಲ ಭೇಷ್ ಎಂದೆವು. ನಾನು ಎಲ್ಲರಿಗಿಂತ ಜೋರಾಗಿ ಎಂದೆ. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಒಂದು ಬೆಳಿಗ್ಗೆ ಅನುವಾದಕಿಯೊಬ್ಬಳಿಂದ ದೂರು ಬಂತು. ಅಣ್ಣ ತೀರಿಕೊಂಡು ಇಪ್ಪತ್ತೆರಡು ದಿನವಾಯಿತು, ಅವನ ಹೆಸರಿನ ಮುಂದೆ ಇನ್ನೂ ಹಸಿರು ಇದೆ, ದಯವಿಟ್ಟು ನೋಡಿ ಎಂದು ಬರೆದಿದ್ದಳು. ಆ ಅಣ್ಣ ನಮ್ಮಲ್ಲಿ ಕರಡು ತಿದ್ದುತ್ತಿದ್ದವರು. ಒಂದು ಅಲ್ಪವಿರಾಮಕ್ಕಾಗಿ ಅರ್ಧ ದಿನ ಜಗಳವಾಡುತ್ತಿದ್ದುದರಿಂದ ಕಾಮಾ ಮೇಷ್ಟ್ರು ಎಂದೇ ಹೆಸರು. ಅವರು ಹೋದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಪಟ್ಟಿ ತೆರೆದು ನೋಡಿದರೆ ಹಸಿರಾಗಿಯೇ ಇದ್ದರು. ಹೋದ ಮೇಲೂ ತಪ್ಪು ಹುಡುಕುತ್ತಿದ್ದಾರೆ ಎಂದು ಒಬ್ಬ ಅಂದ, ಯಾರೂ ನಗಲಿಲ್ಲ. ನಾಲ್ಕು ದಿನದ ಹಿಂದಷ್ಟೇ ನಾನು ಅವರಿಗೆ, ಆನ್‌ಲೈನ್ ಕೂತಿದ್ದೀರಿ, ಉತ್ತರ ಕೊಡಲು ಏನು ಕಷ್ಟ ಎಂದು ಬರೆದಿದ್ದೆ. ಇಲ್ಲದ ಮನುಷ್ಯನನ್ನು ಗದರಿಸಿದ್ದೆ.

ಅಕ್ಕ ಊಟಕ್ಕೂ ಏಳದೆ ಹಳೆಯ ದಾಖಲೆಗಳನ್ನು ಜಾಲಾಡಿದಳು. ಮೇಷ್ಟ್ರು ತೀರಿಕೊಂಡ ದಿನ ಮಧ್ಯಾಹ್ನ ಮೂರು ಹತ್ತಕ್ಕೆ ಸರ್ವರನ್ನು ನಿಲ್ಲಿಸಿ, ಮೂರು ಹನ್ನೆರಡಕ್ಕೆ ಮತ್ತೆ ಶುರು ಮಾಡಿದ್ದಳು. ಮೇಷ್ಟ್ರ ಲ್ಯಾಪ್‌ಟಾಪು ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ತಾನೇ ಮಲಗಿಬಿಡುವಂಥದ್ದು. ಅವರು ಕೊನೆಯ ಸಲ ಕೀಲಿ ಒತ್ತಿದ್ದು ಮೂರು ಗಂಟೆ ಒಂದು ನಿಮಿಷಕ್ಕೆ, ಆ ಲೆಕ್ಕದಲ್ಲಿ ಅದು ಮಲಗಿದ್ದು ಮೂರು ಹನ್ನೊಂದಕ್ಕೆ. ಪಟ್ಟಿಯಿಂದ ಹೆಸರು ತೆಗೆಯಬೇಕಾದ ಸರ್ವರು ಆಗ ಕೆಲಸದಲ್ಲೇ ಇರಲಿಲ್ಲ. ಹೊಸದಾಗಿ ಶುರುವಾದದ್ದು, ತನಗೆ ಒಮ್ಮೆಯೂ ಸುದ್ದಿ ಕಳಿಸದವರ ಗೊಡವೆಗೆ ಹೋಗದೆ ಹಳೆಯ ಪಟ್ಟಿಯಲ್ಲಿದ್ದ ಹೆಸರನ್ನು ಹಸಿರಾಗಿಯೇ ಬಿಟ್ಟಿತು. ಅಂಥ ಸಂದಿನಲ್ಲಿ ಹೋದವರು ಮೊದಲೂ ಇದ್ದರು. ಮರುದಿನ ಅವರು ವಾಪಸು ಬಂದ ಕೂಡಲೇ ತಪ್ಪು ತಾನಾಗಿ ಸರಿಹೋಗುತ್ತಿತ್ತು. ತಿರುಗಿ ಬಾರದವರ ವಿಷಯದಲ್ಲಿ ಮಾತ್ರ ಅದು ಉಳಿಯುತ್ತಿತ್ತು. ಅದಕ್ಕೇ ನಾಲ್ಕು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಪರದೆಯ ಸಣ್ಣ ದೋಷ, ಸರಿಪಡಿಸಿದ್ದೇವೆ ಎಂದು ಎರಡು ಸಾಲು ಬರೆದು ಕೈ ತೊಳೆದುಕೊಳ್ಳಿ ಎಂದು ಮ್ಯಾನೇಜರ್ ಹೇಳಿದರು. ಅಕ್ಕ ಹೂಂ ಅಂದಳು. ಆದರೆ ಹೇಳದೆ ಕೇಳದೆ ಆ ಚುಕ್ಕೆ ಆರಿಸಲು ಅವಳಿಗೆ ಮನಸ್ಸಾಗಲಿಲ್ಲ. ತಂಗಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಒಬ್ಬಳೇ ಮಾತಾಡುವ ಧೈರ್ಯ ಅವಳಿಗಿರಲಿಲ್ಲ.

ತಂಗಿಯ ದನಿ ತಗ್ಗಿತ್ತು. ಅಣ್ಣನಿಗೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪುವ ಕಾಯಿಲೆ, ಎರಡು ಬೀದಿ ಆಚೆ ಒಬ್ಬನೇ ಇದ್ದ ಎಂದಳು. ದಿನಕ್ಕೆ ಹತ್ತು ಸಲ ಫೋನ್ ಮಾಡಿದರೆ ಸಿಡಿಮಿಡಿಗೊಳ್ಳುತ್ತಿದ್ದನಂತೆ. ಕೊನೆಗೆ ಇಬ್ಬರೂ ಒಂದು ಕರಾರಿಗೆ ಬಂದರಂತೆ: ಹಸಿರು ಇರುವವರೆಗೆ ಅವಳು ಫೋನ್ ಮಾಡಬಾರದು, ಬೂದಾದರೆ ಓಡಿ ಬರಬೇಕು. ಹಾಗೆ ಎರಡು ಸಲ ಓಡಿಹೋಗಿ ಅವನನ್ನು ಉಳಿಸಿಕೊಂಡಿದ್ದಳು. ಈ ಸಲ ಸಂಜೆ ಏಳಕ್ಕೆ ಊಟ ಕೊಡಲು ಹೋದಾಗ ಎಲ್ಲ ಮುಗಿದಿತ್ತು. ಐದರ ಹೊತ್ತಿಗೆ ಜೀವ ಹೋಗಿರಬೇಕು ಎಂದು ಡಾಕ್ಟರು ಹೇಳಿದ್ದರು.

ಆಗ ಆ ತಂಗಿ ಕೇಳಿದಳು:

“ಅವ್ನ ಕಂಪ್ಯೂಟರ್ ಎಷ್ಟು ಗಂಟೆಗೆ ನಿಂತಿತ್ತು ಅಂತ ನಿಮ್ಗೆ ಗೊತ್ತಾಗುತ್ತಾ?”

ಆರು ಗಂಟೆ ಎಂದುಬಿಡು ಎಂದು ನಾನು ಕೈಸನ್ನೆ ಮಾಡಿದೆ. ಮಾಡಿದ್ದು ನಿಜ, ಮುಚ್ಚಿಡುವುದಿಲ್ಲ. ಜೀವ ಹೋದ ಮೇಲೆ ನಿಂತಿತು ಎಂದರೆ ಒಂದೇ ಸುಳ್ಳಿನಲ್ಲಿ ಅಕ್ಕನೂ ಆ ತಂಗಿಯೂ ಬಚಾವಾಗುತ್ತಾರೆ ಎಂದುಕೊಂಡೆ. ಅಕ್ಕ ನನ್ನತ್ತ ನೋಡಲೇ ಇಲ್ಲ.

“ಮೂರು ಹನ್ನೊಂದಕ್ಕೆ ಕಣಮ್ಮ. ಆಗ್ಲೇ ಬೂದಾಗ್ಬೇಕಿತ್ತು. ಆಗ್ಲಿಲ್ಲ. ತಪ್ಪು ನನ್ನದು.”

ಬೈಗುಳ ಬರುತ್ತದೆಂದು ಅಕ್ಕ ತಲೆ ತಗ್ಗಿಸಿ ಕಾದಳು.

“ಹಾಗಾದ್ರೆ ನಾನು ನೋಡಿದ್ದು ಸರಿ,” ಎಂದಳು ತಂಗಿ. “ಮೂರೂವರೆಗೆ ನೋಡ್ದೆ, ನಾಲ್ಕೂಕಾಲಿಗೆ ನೋಡ್ದೆ. ಹಸಿರೇ ಇತ್ತು. ಅಮ್ಮ ನಂಬ್ಲಿಲ್ಲ. ನೀನು ನೋಡೇ ಇಲ್ಲ, ಮೈಮರೆತು ಕೂತಿದ್ದೆ ಅಂದ್ರು. ಅವತ್ತಿಂದ ನನ್ಹತ್ರ ಮಾತಾಡಿಲ್ಲ. ಕೇಳೀ ಕೇಳೀ ನಂಗೂ ಅನುಮಾನ ಬಂದ್ಬಿಟ್ಟಿತ್ತು. ಈಗ್ಲೇ ಆರಿಸ್ಬೇಡಿ. ಅಮ್ಮನ್ನ ಕರೀತೀನಿ, ಈಗ ನಂಗೆ ಹೇಳಿದ್ದನ್ನ ಅವ್ರಿಗೂ ಹೇಳಿ.”

ಕುರ್ಚಿ ಎಳೆದ ಸದ್ದಾಯಿತು. ಅಕ್ಕ ಮೊದಲಿನಿಂದ ಎಲ್ಲವನ್ನೂ ಹೇಳಿದಳು, ಮೂರು ಹತ್ತು, ಮೂರು ಹನ್ನೊಂದು, ಮೂರು ಹನ್ನೆರಡು, ಒಂದನ್ನೂ ಬಿಡದೆ. ಮಗನ ಹೆಸರಿನ ಮುಂದಿನ ಹಸಿರನ್ನು ಆ ತಾಯಿ ಅಲ್ಲಿ ನೋಡುತ್ತಿದ್ದರು, ನಾವು ಇಲ್ಲಿ ನೋಡುತ್ತಿದ್ದೆವು. ಕೊನೆಗೆ ಅವರು, ನಮಗಲ್ಲ, ಮಗಳಿಗೆ ಅಂದರು:

“ಬಾ ಇಲ್ಲಿ.”

ಆಮೇಲೆ ಇಬ್ಬರ ಅಳು ಕೇಳಿಸಿತು. ಫೋನ್ ಯಾರು ಇಟ್ಟರೋ ತಿಳಿಯಲಿಲ್ಲ. ಅಕ್ಕ ಆ ಹೆಸರನ್ನು ಪಟ್ಟಿಯಿಂದ ತೆಗೆದಳು. ಮನ್ನಿಸಿದೆವು ಎಂದು ಆ ಮನೆಯಿಂದ ಯಾರೂ ಹೇಳಿಕಳಿಸಲಿಲ್ಲ. ಅವಳೂ ಕೇಳಲಿಲ್ಲ.